ಆಟಗಾರನ ಕ್ರಯವೂ ಅಭಿಮಾನಿಯ ವಾದವೂ

ಕಾಲ್ಚೆಂಡಾಟದ ಸಂಘಗಳು ಆಟಗಾರರನ್ನು ಕೊಳ್ಳುವ ಮತ್ತು ಬಿಟ್ಟುಕೊಡುವ ವಿಚಾರವನ್ನು ಕುರಿತು ಇಂಥ ಪತ್ರಿಕೆಯಲ್ಲಿ ಬರೆಯುವುದು ಯುಕ್ತವೇ ಎಂದು ಕೆಲವರು ವಾಚಕರು ಶಂಕಿಸಬಹುದು. ಶಂಕೆ ಸಹಜವಾದುದೇ. ಆದರೆ ಶಿವಮೊಗ್ಗೆಯ ಆಲ್ಕೊಳದಂಥ ಒಂದು ಬಡಾವಣೆಯಲ್ಲಿ ಸಂಜೆ ನಾಲ್ಕು ಮಂದಿ ತರುಣರು ಸೇರಿದ ಕಡೆ ಕಿವಿಗೊಟ್ಟು ನಿಂತರೆ, ಯಾವ ಆಟಗಾರನನ್ನು ಎಷ್ಟಕ್ಕೆ ಕೊಳ್ಳಬೇಕಾಗಿತ್ತು, ಯಾರನ್ನು ಬಿಡಬಾರದಾಗಿತ್ತು, ಸಂಘದ ಧಣಿಗಳು ಹಣವನ್ನು ಎಲ್ಲಿ ಹಾಳುಮಾಡಿದರು ಎಂಬ ಚರ್ಚೆ ನಮ್ಮ ತರ್ಕಶಾಸ್ತ್ರಜ್ಞರ ವಾದಕ್ಕೆ ಕಡಮೆಯಿಲ್ಲದ ಕಾವಿನಿಂದ ನಡೆಯುವುದು ಕೇಳಿಬರುತ್ತದೆ. ಪೂರ್ವಪಕ್ಷವುಂಟು, ಸಿದ್ಧಾಂತವುಂಟು, ಪ್ರಮಾಣಗಳನ್ನು ಒಡ್ಡುವುದೂ ಉಂಟು, ಪ್ರಮಾಣವಿಲ್ಲದೆ ಗದರಿಸುವುದೂ ಉಂಟು. ಈ ವಾದದಲ್ಲಿ ಬಳಕೆಯಾಗುವ ಮಾತುಗಳು ಕನ್ನಡದವು. ಅವುಗಳ ಹಿಂದಿರುವ ಭಾವನೆಗಳು ಬಹಳ ಹಳೆಯವು. ಆದುದರಿಂದ ಸಾಹಿತ್ಯವನ್ನು ಬೋಧಿಸುವವರು ಇದನ್ನು ಒಮ್ಮೆ ಪರಿಶೀಲಿಸುವುದು ವ್ಯರ್ಥವಾಗಲಾರದು.

ಮೊದಲು ವಸ್ತುಸ್ಥಿತಿಯನ್ನು ತಿಳಿದುಕೊಳ್ಳುವ. ಆಟಗಾರನನ್ನು ‘ಕೊಂಡರು’, ‘ಮಾರಿದರು’ ಎಂದು ನಾವು ಆಡುವ ಮಾತು ಲಕ್ಷಣೆಯಿಂದ ಬಂದುದೇ ಹೊರತು ವಾಚ್ಯಾರ್ಥದಲ್ಲಿ ನಿಜವಲ್ಲ. ಮಾರಾಟವಾಗುವುದು ಮನುಷ್ಯನಲ್ಲ, ಅವನೊಡನೆ ಒಂದು ಸಂಘವು ಮಾಡಿಕೊಂಡಿರುವ ಕರಾರಿನ ಉಳಿದ ಅವಧಿಯನ್ನು ಬಿಟ್ಟುಕೊಡುವುದಕ್ಕೆ ಇನ್ನೊಂದು ಸಂಘವು ಕೊಡುವ ಪರಿಹಾರವೇ ಈ ‘ಬೆಲೆ’. ಅದು ಸಂಘದಿಂದ ಸಂಘಕ್ಕೆ ಸಲ್ಲುತ್ತದೆ. ಆಟಗಾರನ ವೇತನ ಬೇರೆ. ಕರಾರಿನ ಅವಧಿ ಮುಗಿದರೆ ಬೆಲೆಯೂ ಮುಗಿಯಿತು. ಅವನು ಬೇಕಾದ ಕಡೆ ಹೋಗಬಹುದು. ಇದಕ್ಕೆ ಕನ್ನಡದಲ್ಲಿ ‘ವರ್ಗಾವಣೆ’ ಎಂಬ ಮಾತು ರೂಢಿಗೆ ಬಂದಿದೆ. ಈ ಮಾತು ನಮಗೆ ಸರ್ಕಾರಿ ಕಛೇರಿಗಳಿಂದ ಬಂದುದು. ಶಿವಮೊಗ್ಗೆಯಂಥ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ವರ್ಗಾವಣೆಯೆಂದರೆ ಏನೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ: ಮೇಲಿನವರ ಆಜ್ಞೆ ಬರುತ್ತದೆ, ಗುಮಾಸ್ತನು ಹೆಂಡಿರು ಮಕ್ಕಳೊಡನೆ ಗಂಟುಮೂಟೆ ಕಟ್ಟುತ್ತಾನೆ. ಆಟಗಾರನ ವರ್ಗಾವಣೆ ಹಾಗಲ್ಲ. ಅವನ ಒಪ್ಪಿಗೆಯಿಲ್ಲದೆ ಅದು ನಡೆಯುವಂತಿಲ್ಲ. ಮಾತು ಕಛೇರಿಯದಾಗಿ, ವಸ್ತು ಸಂತೆಯದಾಗಿ ಇರುವುದರಿಂದಲೇ ವಾದದಲ್ಲಿ ಅರ್ಧ ಗೊಂದಲ ಹುಟ್ಟುತ್ತದೆಂದು ನಮಗೆ ತೋರುತ್ತದೆ.

ಒಪ್ಪಿಗೆ ಬೇಕೆಂಬ ಈ ನಿಯಮವೂ ಸುಲಭವಾಗಿ ಬಂದುದಲ್ಲ. ಇಂಗ್ಲೆಂಡಿನಲ್ಲಿ 1893 ರಿಂದ ಜಾರಿಯಲ್ಲಿದ್ದ ಕಟ್ಟಳೆಯ ಪ್ರಕಾರ ಕರಾರು ಮುಗಿದ ಮೇಲೂ ಸಂಘವು ಆಟಗಾರನನ್ನು ಬಿಡದೆ ಹಿಡಿದಿಟ್ಟುಕೊಳ್ಳಬಹುದಾಗಿತ್ತು. 1905 ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರನಿಗಾಗಿ ಮಿಡ್ಲ್ಸ್‌ಬರೋ ಸಂಘವು ಸಂಡರ್ಲೆಂಡ್ ಸಂಘಕ್ಕೆ 1000 ಪೌಂಡು ಕೊಟ್ಟಾಗ ಅಲ್ಲಿಯ ಜನ ಬೆರಗಾದರು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬವನು ಹೂಡಿದ ವ್ಯಾಜ್ಯದಲ್ಲಿ 1963 ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಈ ಹಿಡಿತವು ಜೀವನೋಪಾಯಕ್ಕೆ ಒಡ್ಡಿದ ಅನ್ಯಾಯವಾದ ತಡೆಯೆಂದು ತೀರ್ಪಿತ್ತಿತು. ಬೆಲ್ಜಿಯಮಿನ ಬೊಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ 1995 ರ ಡಿಸೆಂಬರಿನಲ್ಲಿ ಯೂರೋಪಿನ ನ್ಯಾಯಾಲಯವು, ಕರಾರು ಮುಗಿದವನಿಗೆ ಬೆಲೆ ಕೇಳಕೂಡದೆಂದು ನಿರ್ಣಯಿಸಿತು. ಆ ಮೇಲೆ ಆದುದು ವಿಚಿತ್ರ: ಬಿಡುಗಡೆ ಸುಲಭವಾದಷ್ಟೂ ಬೆಲೆ ಏರಿತು. ಕರಾರು ಮುಗಿಯುವ ಮುನ್ನವೇ ಒಯ್ಯಬೇಕೆಂಬ ಆತುರ ಹೆಚ್ಚಿ, 2017 ರಲ್ಲಿ ಪ್ಯಾರಿಸಿನ ಸಂಘವು ನೇಮಾರನಿಗಾಗಿ 22 ಕೋಟಿ 20 ಲಕ್ಷ ಯೂರೋಗಳನ್ನು ತೆತ್ತಿತು.

ಇಂಥ ಅಂಕಿಯನ್ನು ಕೇಳಿದೊಡನೆ ಅಭಿಮಾನಿಯು ಒಂದು ತಪ್ಪು ಲೆಕ್ಕಕ್ಕೆ ಬೀಳುವುದುಂಟು. ನೂರು ಕೊಟ್ಟು ಒಬ್ಬನನ್ನು ಐದು ವರ್ಷದ ಕರಾರಿಗೆ ತಂದರೆ, ಸಂಘದ ಪುಸ್ತಕದಲ್ಲಿ ಆ ನೂರು ಒಂದೇ ವರ್ಷದ ಖರ್ಚಾಗಿ ಬೀಳುವುದಿಲ್ಲ; ವರ್ಷಕ್ಕೆ ಇಪ್ಪತ್ತರಂತೆ ಹಂಚಿಹೋಗುತ್ತದೆ. ಎರಡು ವರ್ಷವಾದ ಮೇಲೆ ಅವನನ್ನು ಎಪ್ಪತ್ತಕ್ಕೆ ಬಿಟ್ಟರೆ, ನೋಡುವವನಿಗೆ ಮೂವತ್ತು ನಷ್ಟವಾದಂತೆ ಕಾಣುತ್ತದೆ. ಪುಸ್ತಕದಲ್ಲಿ ಮಾತ್ರ ಉಳಿದ ಬೆಲೆ ಅರುವತ್ತೇ ಆಗಿರುವುದರಿಂದ ಹತ್ತು ಲಾಭ. ಹತ್ತು ವರ್ಷ ಬಾಳುವ ಎತ್ತನ್ನು ಕೊಂಡ ರೈತನು ಅದರ ಕ್ರಯವನ್ನು ಒಂದೇ ಸುಗ್ಗಿಯ ಮೇಲೆ ಹೇರುವುದಿಲ್ಲವಷ್ಟೆ. ಆದರೆ ನಮ್ಮ ದೇಶದಲ್ಲಿ ಈ ಲೆಕ್ಕ ಅಷ್ಟಾಗಿ ಬೇಕಾಗುವುದಿಲ್ಲ. ಇಲ್ಲಿ ಬಹುಮಂದಿ ಆಟಗಾರರು ಕರಾರು ಮುಗಿಸಿಕೊಂಡೇ ಸಂಘ ಬದಲಾಯಿಸುತ್ತಾರೆ. ವೆಚ್ಚವೆಂದರೆ ಮುಖ್ಯವಾಗಿ ವೇತನ. ಹೊರದೇಶದ ಸಂಘಗಳ ಗಾತ್ರದ ಸಂಖ್ಯೆಗಳನ್ನು ಕೇಳಿ ಅಭ್ಯಾಸವಾದವರು ಬೆಂಗಳೂರಿನ ಸಂಘದ ಮುಂದೆಯೂ ಅದೇ ಅಳತೆಗೋಲನ್ನು ಹಿಡಿಯುವುದರಿಂದ ಮಾತು ಹಳಿತಪ್ಪುತ್ತದೆ.

ಬೆಂಗಳೂರಿನ ಆಟಗಾರರು ಬೇರೆ ಊರಿನ ಸಂಘಗಳಿಗೆ ಹೋಗುವುದು ಇಂದಿನ ಸಂಗತಿಯಲ್ಲ. 1934 ರಿಂದ 1938 ರ ವರೆಗೆ ಎಡೆಬಿಡದೆ ಐದು ವರ್ಷ ಕಲ್ಕತ್ತೆಯ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಸಂಘವು ದೇಶದ ನಾನಾ ಕಡೆಗಳಿಂದ ಆಟಗಾರರನ್ನು ಬರಮಾಡಿಕೊಂಡಿತ್ತು. ಬೆಂಗಳೂರೂ ಅದರಲ್ಲಿ ಒಂದು. ಆ ಕಾಲದಲ್ಲಿ ಬೆಂಗಳೂರಿನ ಆಟ ಎಷ್ಟು ಬಲಿತಿತ್ತೆಂಬುದಕ್ಕೆ 1937 ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಸಂಘವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುದೇ ಸಾಕ್ಷಿ. ಅದುವರೆಗೆ ಆ ಕಪ್ಪು ದಂಡಿನ ಸೋಲ್ಜರರ ತಂಡಗಳ ಸೊತ್ತಾಗಿತ್ತು. 1949 ರಿಂದ ಮೂರು ವರ್ಷ ಬಿಡದೆ ಐ.ಎಫ್.ಎ. ಶೀಲ್ಡನ್ನು ಗೆದ್ದ ಈಸ್ಟ್ ಬೆಂಗಾಲ್ ಸಂಘದ ಮುಂಪಂಕ್ತಿಯ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಐವರೂ ದಕ್ಷಿಣದಿಂದ ಹೋದವರು. ಕಲ್ಕತ್ತೆಯ ಜನ ಅವರನ್ನು ‘ಪಂಚಪಾಂಡವರು’ ಎಂದು ಕರೆದರು. ಅಹ್ಮದ್ ಖಾನರು ನಮ್ಮ ಬೆಂಗಳೂರಿನವರು. 1948 ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿ ಹೆಸರಾದವರು. ಅಂದು ಆಟವು ವೃತ್ತಿಯೆಂದು ಒಪ್ಪಿತವಾಗಿರಲಿಲ್ಲವಾದುದರಿಂದ ಬೆಲೆಯ ಮಾತು ಬಹಿರಂಗವಾಗಿ ಬರುವಂತಿರಲಿಲ್ಲ. ನೌಕರಿ, ವಸತಿ, ಮರ್ಯಾದೆ ಇವು ಬೆಲೆಯ ಸ್ಥಾನದಲ್ಲಿ ನಿಂತಿದ್ದವು. ಪಾಂಡವರೆಂಬ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಪಾಂಡವರು ವಿರಾಟನ ಊರಿನಲ್ಲಿ ಪರಸ್ಥಳದವರಾಗಿ ಚಾಕರಿಗೆ ನಿಂತು, ಆ ಊರಿನ ಗೋವುಗಳನ್ನು ಉಳಿಸಿಕೊಟ್ಟವರಲ್ಲವೆ! ಬಂಗಾಳದವರು ಇಷ್ಟನ್ನು ಯೋಚಿಸಿ ಹೆಸರಿಟ್ಟರೋ ಇಲ್ಲವೋ, ಹೆಸರು ಮಾತ್ರ ಹೊಂದಿತು.

ಇಷ್ಟು ಮಂದಿ ಹೊರಗೆ ಹೋದರೂ ಮೈಸೂರು ಸಂಸ್ಥಾನದ ತಂಡವು 1946-47 ರಲ್ಲಿಯೂ 1952-53 ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಿತೆಂಬುದನ್ನು ಗಮನಿಸಬೇಕು. ಒಳ್ಳೆಯ ಆಟಗಾರರು ಹೊರಟುಹೋದರೆ ಊರಿನ ಆಟ ಸಾಯುತ್ತದೆಂಬ ವಾದ ಯಾವಾಗಲೂ ನಿಲ್ಲುವುದಿಲ್ಲ. ಮತ್ತೆ ಮತ್ತೆ ಆಟಗಾರರು ಹುಟ್ಟಿಬರುವ ಮೈದಾನಗಳು ಇದ್ದರೆ ಹೋದವರ ಜಾಗ ತುಂಬುತ್ತದೆ. ಇಲ್ಲದಿದ್ದರೆ ಎಷ್ಟು ಕೊಂಡರೂ ತುಂಬದು.

ಮಲೆನಾಡಿನವರಿಗೆ ಈ ಬಗೆಯ ಚರ್ಚೆ ಹೊಸದೇನೂ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಯಕ್ಷಗಾನದ ಮೇಳಗಳ ತಿರುಗಾಟ ಮಳೆಗಾಲಕ್ಕೆ ಮುಂಚೆ ಮುಗಿಯುತ್ತಲೇ, ಮುಂದಿನ ವರ್ಷ ಯಾವ ಭಾಗವತರು ಯಾವ ಮೇಳಕ್ಕೆ, ಯಾವ ವೇಷಧಾರಿ ಯಾರ ಮುಂಗಡ ಹಿಡಿದಿದ್ದಾನೆ, ಸ್ತ್ರೀವೇಷಕ್ಕೆ ಇನ್ನು ಯಾರು ಎಂಬ ಮಾತು ಅಡಕೆಯ ಚಪ್ಪರದ ಕೆಳಗೆ ಇಡೀ ಮಳೆಗಾಲ ನಡೆಯುತ್ತದೆ. ವೃತ್ತಿನಾಟಕದ ಕಂಪನಿಗಳ ಕಾಲದಲ್ಲಿಯೂ ಹೀಗೆಯೇ. ಒಬ್ಬ ಹೆಸರಾಂತ ನಟನು ಒಂದು ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಸೇರಿದನೆಂದರೆ ಪ್ರೇಕ್ಷಕರು ಎರಡು ಪಕ್ಷವಾಗುತ್ತಿದ್ದರು. ಆದರೆ ಒಂದು ಭೇದವನ್ನು ಮರೆಯಬಾರದು. ಮೇಳ ಬದಲಾದರೂ ಕರ್ಣನ ವೇಷ ಕಟ್ಟುವವನು ಕರ್ಣನ ವೇಷವನ್ನೇ ಕಟ್ಟುತ್ತಾನೆ. ಅಭಿಮಾನಿಯು ಅವನ ಬೆನ್ನು ಹಿಡಿದು ಇನ್ನೊಂದು ಮೇಳದ ಆಟಕ್ಕೆ ಹೋಗಿ ಕೂತರೆ ದ್ರೋಹವಾಗುವುದಿಲ್ಲ. ಕಾಲ್ಚೆಂಡಿನಲ್ಲಿ ನಿನ್ನೆಯ ನಮ್ಮವನು ಇಂದು ಎದುರು ನಿಂತು ನಮ್ಮ ಗೋಲಿಗೇ ಚೆಂಡನ್ನು ಹೊಡೆಯುತ್ತಾನೆ. ಇಲ್ಲಿ ಅಭಿಮಾನವು ಕಲಾವಿದನಿಗಲ್ಲ, ಮೇಳಕ್ಕೆ ಅಂಟಿಕೊಂಡಿದೆ.

ಈಗ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ವಿಚಾರ. ಜೆ.ಎಸ್.ಡಬ್ಲ್ಯು. ಉದ್ಯಮಸಮೂಹವು 2013 ರಲ್ಲಿ ಕಟ್ಟಿದ ಈ ಸಂಘವು ಅದೇ ವರ್ಷ ಸುನಿಲ್ ಛೇತ್ರಿಯನ್ನು ಬರಮಾಡಿಕೊಂಡು, ಮೊದಲನೆಯ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. ಅಶೋಕನಗರದ ಕ್ರೀಡಾಂಗಣದ ಪಡುವಣ ಮೆಟ್ಟಿಲುಸಾಲಿನಲ್ಲಿ ಕೂಡುತ್ತಿದ್ದವರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಕೂಟವಾದರು. ಸಂಘವು ಕಂಠೀರವ ಕ್ರೀಡಾಂಗಣಕ್ಕೆ ಹೋದ ಮೇಲೂ ಆ ಹೆಸರು ಉಳಿಯಿತು. ಇಲ್ಲಿಂದ ಮುಂದೆ ನಡೆದ ವಾದಗಳಿಗೆ ಕಾರಣವಾದ ಸಂಗತಿಗಳು ಬಹಳ ರುಚಿಯಾಗಿವೆ.

2015 ರ ಜುಲೈ ತಿಂಗಳಲ್ಲಿ ಇಂಡಿಯನ್ ಸೂಪರ್ ಲೀಗಿನವರು ದೇಶದ ಆಟಗಾರರ ಹರಾಜನ್ನು ನಡೆಸಿದಾಗ ಛೇತ್ರಿಯನ್ನು ಮುಂಬಯಿಯ ಸಂಘವು 1 ಕೋಟಿ 20 ಲಕ್ಷಕ್ಕೆ, ಯೂಜೆನ್ಸನ್ ಲಿಂಗ್ಡೊನನ್ನು ಪುಣೆಯ ಸಂಘವು 1 ಕೋಟಿ 5 ಲಕ್ಷಕ್ಕೆ ಕೂಗಿಕೊಂಡವು. ಇಬ್ಬರೂ ಬೆಂಗಳೂರಿನ ಸಂಘದವರೇ. ವರ್ಷದ ಕೆಲವು ತಿಂಗಳು ಅಲ್ಲಿ ಆಡಿ, ಮತ್ತೆ ಬೆಂಗಳೂರಿಗೆ ಬಂದು, 2015-16 ರ ಐ-ಲೀಗನ್ನು ಗೆಲ್ಲುವುದರಲ್ಲಿ ಪಾಲುಗೊಂಡರು. ಒಬ್ಬನೇ ಆಟಗಾರನಿಗೆ ಒಂದೇ ವರ್ಷದಲ್ಲಿ ಇಬ್ಬರು ಯಜಮಾನರು! 2017 ರಲ್ಲಿ ಬೆಂಗಳೂರು ತಾನೇ ಸೂಪರ್ ಲೀಗಿಗೆ ಸೇರಿದಾಗ ಹಳಬರಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಳ್ಳಲು ಅವಕಾಶವಿತ್ತು. ಛೇತ್ರಿಯೂ ಉದಂತ ಸಿಂಗನೂ ಉಳಿದರು. ಲಿಂಗ್ಡೊ, ವಿನೀತ್, ಅಮರಿಂದರ್ ಸಿಂಗ್ ಬೇರೆ ಬೇರೆ ಸಂಘಗಳಿಗೆ ಹಂಚಿಹೋದರು. ತಂಡ ಒಡೆಯಿತೆಂದು ಕೊರಗುವುದಕ್ಕೆ ಕಾರಣವಿತ್ತು. ಆದರೆ ಸ್ಪೇನಿನಿಂದ ಕರೆತಂದ ವೆನೆಜುವೆಲದ ಮಿಕು 15 ಗೋಲುಗಳನ್ನೂ ಛೇತ್ರಿಯು 14 ಗೋಲುಗಳನ್ನೂ ಹೊಡೆದು, ಬೆಂಗಳೂರು 40 ಅಂಕಗಳಿಂದ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತು. 2018 ರ ಮಾರ್ಚಿಯಲ್ಲಿ ಕಂಠೀರವದಲ್ಲಿಯೇ ನಡೆದ ಕೊನೆಯ ಪಂದ್ಯದಲ್ಲಿ ಚೆನ್ನೈ ಸಂಘಕ್ಕೆ 3-2 ರಿಂದ ಸೋತಿತಾದರೂ, ಮರುವರ್ಷ ಮುಂಬಯಿಯಲ್ಲಿ ಗೋವೆಯನ್ನು ಹೆಚ್ಚಿನ ಕಾಲದ ಆಟದಲ್ಲಿ ರಾಹುಲ್ ಭೇಕೆಯ ಒಂದು ಗೋಲಿನಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು.

ಆ ಮೇಲಿನ ಇಳಿತವೇ ವಾದದ ಮುಖ್ಯಭಾಗ. ಮಿಕು 2019 ರಲ್ಲಿ ಹೊರಟುಹೋದನು. ಸಂಘವು 2020-21 ರಲ್ಲಿ ಏಳನೆಯದಾಯಿತು, ಮರುವರ್ಷ ಆರನೆಯದಾಯಿತು. 2021 ರಲ್ಲಿ ಭೇಕೆಯು ಮುಂಬಯಿಗೆ ಹೋದನು, 2022 ರಲ್ಲಿ ಆಶಿಕ್ ಕುರುಣಿಯನ್ ಕಲ್ಕತ್ತೆಗೆ ಹೋದನು. ಅದೇ 2022 ರಲ್ಲಿ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಝಿಂಗನ್, ಪ್ರಬೀರ್ ದಾಸ್ ಎಂಬ ಪಳಗಿದ ಆಟಗಾರರು ಬಂದರು. ಡ್ಯೂರಂಡ್ ಕಪ್ಪು ದೊರೆಯಿತು, 2023 ರ ಲೀಗಿನ ಕೊನೆಯ ಪಂದ್ಯದ ವರೆಗೆ ತಂಡ ಮುಟ್ಟಿ ಪೆನಾಲ್ಟಿಗಳಲ್ಲಿ ಸೋತಿತು. ಒಂದು ಪಕ್ಷದವರು ಇದನ್ನು ಹಿಡಿದು, ಹಣ ಚೆಲ್ಲಿದರೆ ಫಲವುಂಟೆಂಬುದಕ್ಕೆ ಬೇರೆ ಪ್ರಮಾಣ ಬೇಕೇ ಎಂದು ಕೇಳಬಹುದು. ಎದುರುಪಕ್ಷದ ಉತ್ತರ 2023-24 ರ ಪಟ್ಟಿಯಲ್ಲಿದೆ: ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಕೊಂಡುತಂದ ಬಲ ಒಂದು ಬೆಳೆಗೆ ಬರುತ್ತದೆ, ಎರಡನೆಯ ಬೆಳೆಗೆ ನಿಲ್ಲದು. ಅದಕ್ಕೆ ಮತ್ತೆ ಮೊದಲನೆಯ ಪಕ್ಷದವರು 2024-25 ನ್ನು ತೋರಿಸಬಹುದು: ಭೇಕೆಯನ್ನು ಮರಳಿ ಕರೆತಂದು, ಮುಂಬಯಿಯಿಂದ ಪೆರೇರ ದಿಯಾಸನನ್ನೂ ನೊಗೇರನನ್ನೂ ತಂದ ವರ್ಷ ತಂಡ ಮೂರನೆಯದಾಗಿ, ಕೊನೆಯ ಪಂದ್ಯದಲ್ಲಿ ಮೋಹನ್ ಬಾಗಾನಿಗೆ ಹೆಚ್ಚಿನ ಕಾಲದ ಆಟದಲ್ಲಿ 2-1 ರಿಂದ ಸೋತಿತು. ಆ ವರ್ಷ 14 ಗೋಲು ಹೊಡೆದವನು ಮಾತ್ರ ಹೊಸದಾಗಿ ತಂದವನಲ್ಲ, ನಲವತ್ತು ವರ್ಷದ ಛೇತ್ರಿ ಎಂಬುದನ್ನು ಎರಡು ಪಕ್ಷದವರೂ ತಮ್ಮ ತಮ್ಮ ಅನುಕೂಲಕ್ಕೆ ಎಳೆದುಕೊಳ್ಳಬಲ್ಲರು.

ನಮ್ಮ ಅಭಿಪ್ರಾಯದಲ್ಲಿ ಈ ಎರಡು ಪಕ್ಷಗಳಿಗಿಂತ ಮೂರನೆಯದೊಂದು ಪ್ರಶ್ನೆ ಹೆಚ್ಚು ಭಾರವಾದುದು. ಕರ್ಣಾಟಕದ ತಂಡವು 2023 ರ ಮಾರ್ಚಿಯಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು 3-2 ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದುದು 1968-69 ರಲ್ಲಿ. ಅರ್ಧ ಶತಮಾನದ ಮೇಲೆ ರಾಜ್ಯದ ಹುಡುಗರು ದೇಶಕ್ಕೆ ಮೊದಲಿಗರಾದರು. ಹೀಗಿರಲಾಗಿ ರಾಜಧಾನಿಯ ಹೆಸರು ಹೊತ್ತ ಸಂಘದಲ್ಲಿ ಈ ನಾಡಿನವರು ಎಷ್ಟು ಮಂದಿ ಎಂದು ಕೇಳುವುದು ಸಂಕುಚಿತ ಬುದ್ಧಿಯಲ್ಲ. ಸಂಘದವರು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಬಾಲಕರ ಶಿಕ್ಷಣಕ್ಕೆ ಏರ್ಪಾಡು ಮಾಡಿರುವುದು ಶ್ಲಾಘ್ಯವೇ ಸರಿ. ಆದರೂ ಹುಡುಗರನ್ನು ತರಬೇತುಮಾಡುವುದು ಬೇರೆ, ಲೀಗಿನ ಪಂದ್ಯದಲ್ಲಿ ಅವರನ್ನು ನಂಬಿ ಮೈದಾನಕ್ಕೆ ಇಳಿಸುವುದು ಬೇರೆ. ಎರಡನೆಯದರ ವೆಚ್ಚ ಹಣದಲ್ಲಿ ಬೀಳುವುದಿಲ್ಲ, ಸೋಲಿನಲ್ಲಿ ಬೀಳುತ್ತದೆ. ಆ ವೆಚ್ಚವನ್ನು ಅಭಿಮಾನಿಯೇ ಭರಿಸಬೇಕು. ಬೆಳೆಸಿರೆಂದು ಕೂಗುವವರಲ್ಲಿ ಎಷ್ಟು ಮಂದಿ ಅದಕ್ಕೆ ಸಿದ್ಧರೆಂಬುದು ಸಂದೇಹ.

ಆಲ್ಕೊಳದಿಂದ ಕಂಠೀರವ ಸುಮಾರು ಮುನ್ನೂರು ಕಿಲೋಮೀಟರು ದೂರ. ಈ ದೂರದಲ್ಲಿ ಕೂತವನಿಗೆ ‘ನಮ್ಮ ಸಂಘ’ವೆಂಬ ಮಾತಿಗೆ ಆಧಾರವೇನು? ಶಿವಮೊಗ್ಗೆಯ ಹೆಸರನ್ನೇ ಇಟ್ಟುಕೊಂಡ ತಂಡ ಕ್ರಿಕೆಟ್ಟಿನಲ್ಲಿದೆ. ಮಹಾರಾಜ ಟ್ರೋಫಿಯ 2023 ರ ಹರಾಜಿನಲ್ಲಿ ಪ್ರತಿಯೊಂದು ತಂಡಕ್ಕೂ 50 ಲಕ್ಷ ರೂಪಾಯಿಯ ಮಿತಿಯಿತ್ತು; ಅದರಲ್ಲಿ 15 ಲಕ್ಷವನ್ನು ಶಿವಮೊಗ್ಗ ಲಯನ್ಸಿನವರು ಅಭಿನವ್ ಮನೋಹರ್ ಒಬ್ಬನಿಗಾಗಿಯೇ ತೆತ್ತರು. ಗಂಟಿನಲ್ಲಿ ಹತ್ತಕ್ಕೆ ಮೂರು ಪಾಲನ್ನು ಒಬ್ಬನ ಮೇಲೆ ಇಡುವುದು ಜಾಣತನವೇ ಎಂಬುದು ಒಳ್ಳೆಯ ವಾದವಸ್ತು. ಆದರೆ ಆ ವರ್ಷದ ಪಂದ್ಯಗಳೆಲ್ಲ ನಡೆದುದು ಬೆಂಗಳೂರಿನಲ್ಲಿ. ನವುಲೆಯಲ್ಲಿ ಮೈದಾನವಿದ್ದರೂ ಊರಿನವರು ಊರಿನ ತಂಡವನ್ನು ದೂರದರ್ಶನದಲ್ಲಿಯೇ ನೋಡಬೇಕಾಯಿತು. ಹೆಸರು ಹತ್ತಿರದ್ದು, ಆಟ ದೂರದ್ದು. ಹಾಗಾದ ಮೇಲೆ ಮ್ಯಾಂಚೆಸ್ಟರಿನ ಸಂಘವನ್ನು ‘ನಮ್ಮದು’ ಎನ್ನುವ ಹುಡುಗನನ್ನು ನಗುವುದಕ್ಕೆ ನಮಗೆ ಬಾಯಿಲ್ಲ. ಅಭಿಮಾನವೆಂಬ ಶಬ್ದಕ್ಕೆ ದರ್ಶನಶಾಸ್ತ್ರಗಳಲ್ಲಿರುವ ಅರ್ಥವೇ ‘ನಾನು, ನನ್ನದು’ ಎಂಬ ಆರೋಪ. ಸ್ವತ್ತಿನ ಹಕ್ಕು ಇಲ್ಲದ ಕಡೆ ಸ್ವತ್ತಿನ ಭಾವನೆ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ಶಬ್ದ ದೊರೆಯಲಾರದು.

ಇನ್ನು ವಾದದಲ್ಲಿ ಪದೇ ಪದೇ ಬರುವ ‘ಋಣ’ದ ಮಾತು. ಸಂಘ ಬಿಟ್ಟ ಆಟಗಾರನನ್ನು ‘ಉಪ್ಪು ತಿಂದ ಮನೆಗೆ ಎರಡು ಬಗೆದ’ ಎಂದು ಬೈಯುವ ತರುಣನು ತಿಳಿಯದೆಯೇ ಹತ್ತನೆಯ ಶತಮಾನದ ಮಾತನ್ನಾಡುತ್ತಿದ್ದಾನೆ. ಹಳಗನ್ನಡದ ‘ಜೋಳದಪಾಳಿ’ ಎಂಬುದು ಇದೇ: ಒಡೆಯನ ಜೋಳವನ್ನುಂಡವನು ಆ ಋಣವನ್ನು ಯುದ್ಧದಲ್ಲಿ ತೀರಿಸಬೇಕೆಂಬ ಕಟ್ಟು. ಶಿಕಾರಿಪುರ, ಸೊರಬಗಳ ಕಡೆಯ ಊರ ಮುಂದಿನ ವೀರಗಲ್ಲುಗಳು ಇಂಥ ಧರ್ಮವನ್ನು ನಂಬಿದವರ ಕಾಲದವು. ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿ ಪಾಂಡವರ ಕಡೆಗೆ ಬಾ ಎನ್ನುವ ಸಂದರ್ಭವು ಎಲ್ಲರಿಗೂ ಪರಿಚಿತವಾದುದು. ಇದಕ್ಕಿಂತ ದೊಡ್ಡ ಬೆಲೆಯನ್ನು ಯಾರೂ ಯಾರಿಗೂ ಕೂಗಿಲ್ಲ, ರಾಜ್ಯವೇ ಬೆಲೆ. ಕರ್ಣನು ಒಲ್ಲೆನೆಂದನು. ಆ ನಿರಾಕರಣೆಯ ಗೌರವವೇ ಇಂದಿಗೂ ಆಟಗಾರನ ಮೇಲೆ ಹೊರೆಯಾಗಿ ಬೀಳುತ್ತಿದೆ.

ಆದರೆ ಉಪಮೆಯನ್ನು ಪೂರ್ತಿಯಾಗಿ ಹಿಡಿಯಬೇಕು. ದುರ್ಯೋಧನನು ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟಾಗ ಎರಡು ವರ್ಷದ ಕರಾರೆಂದು ಹೇಳಲಿಲ್ಲ; ಕರ್ಣನಿಗೆ ವಯಸ್ಸಾಯಿತೆಂದು ಹಿಂದಕ್ಕೆ ಪಡೆಯಲೂ ಇಲ್ಲ. ಇಂದಿನ ಸಂಘವು ಋತುವಿನ ಕೊನೆಯಲ್ಲಿ ಐದಾರು ಮಂದಿಗೆ ವಂದನೆ ಹೇಳಿ ಕಳುಹಿಸುತ್ತದೆ. ಮೊಣಕಾಲು ಮುರಿದವನ ಹೆಸರು ಮುಂದಿನ ಪಟ್ಟಿಯಲ್ಲಿ ಇರುತ್ತದೆಂಬ ನಂಬಿಕೆಯಿಲ್ಲ. ಆಗ ಸಂಘವನ್ನು ಕೃತಘ್ನವೆಂದು ಕರೆಯುವವರು ಕಡಮೆ; ‘ಒಳ್ಳೆಯ ಲೆಕ್ಕಾಚಾರ’ವೆಂದು ಮೆಚ್ಚುವವರೇ ಹೆಚ್ಚು. ಜೋಳ ಕೊಡುವವನ ಕಡೆಗೆ ಇಲ್ಲದ ಪಾಳಿಯನ್ನು ಉಣ್ಣುವವನ ಕಡೆಯಿಂದ ಮಾತ್ರ ಕೇಳುವುದು ಯಾವ ಧರ್ಮದಲ್ಲಿಯೂ ಇಲ್ಲ.

2025 ರಲ್ಲಿ ಈ ಮಾತು ಉಪಮೆಯಾಗಿ ಉಳಿಯಲಿಲ್ಲ. ಸೂಪರ್ ಲೀಗನ್ನು ನಡೆಸುವ ಹಕ್ಕಿನ ಒಪ್ಪಂದದ ಅವಧಿ ಆ ವರ್ಷದ ಡಿಸೆಂಬರಿಗೆ ಮುಗಿಯಲಿದ್ದು, ಮುಂದೇನೆಂಬುದು ಇತ್ಯರ್ಥವಾಗದೆ ಜುಲೈಯಲ್ಲಿ ಲೀಗು ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರಿನ ಸಂಘವು ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದ ವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಎರಡು ತಿಂಗಳ ಹಿಂದೆ ಯಾರನ್ನು ಎಷ್ಟಕ್ಕೆ ತರಬೇಕೆಂಬ ಚರ್ಚೆಗಿದ್ದ ಅವಕಾಶವೇ ಇಲ್ಲದಂತಾಯಿತು. ಶಿವಮೊಗ್ಗೆಯಿಂದ ಹದಿನೆಂಟಿಪ್ಪತ್ತು ಕಿಲೋಮೀಟರಿನಾಚೆ ಇರುವ ಭದ್ರಾವತಿಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಾಗದದ ಕಾರ್ಖಾನೆ ನಿಂತುಹೋಗಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023 ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಸಂಬಳ ನಿಂತರೆ ಊರು ನಿಲ್ಲುತ್ತದೆಂಬುದನ್ನು ಅವರು ಬಲ್ಲರು. ಸಂಘದ ಸಂಬಳ ನಿಂತಾಗ ಮೈದಾನಕ್ಕೆ ಹುಲ್ಲು ಕತ್ತರಿಸುವವನಿಂದ ಮೊದಲುಗೊಂಡು ಗೋಲು ಕಾಯುವವನ ವರೆಗೆ ಎಲ್ಲರೂ ಕೂಲಿಯಾಳುಗಳೇ ಎಂಬುದು ಹೊರಬಿತ್ತು. ಅದುವರೆಗೆ ‘ಅಷ್ಟು ಕೋಟಿ ಏಕೆ ಕೊಟ್ಟರು’ ಎಂದು ಕೇಳುತ್ತಿದ್ದವನು, ಕೊಡಬೇಕಾದುದನ್ನು ಏಕೆ ಕೊಡಲಿಲ್ಲವೆಂದು ಕೇಳುವ ಹಕ್ಕು ತನಗುಂಟೇ ಎಂದು ಯೋಚಿಸಬೇಕಾಯಿತು. ಅವನು ಸಂಘದ ಪಾಲುದಾರನಲ್ಲ, ನೌಕರನೂ ಅಲ್ಲ, ಚೀಟಿ ಕೊಂಡು ಬಂದ ಗಿರಾಕಿ ಮಾತ್ರವೂ ಅಲ್ಲ. ಜರ್ಮನಿಯಲ್ಲಿ ಸಂಘದ ಸದಸ್ಯರ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಇರತಕ್ಕದ್ದೆಂಬ ಕಟ್ಟಳೆಯನ್ನು 1998 ರಲ್ಲಿ ಮಾಡಿಕೊಂಡರು. ಅಲ್ಲಿ ಅಭಿಮಾನಿಯ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಮೆಟ್ಟಿಲುಸಾಲಿನಲ್ಲಿ ಬಟ್ಟೆಯ ಮೇಲೆ ಬರೆದು ಹಿಡಿಯುವುದೊಂದೇ ದಾರಿ, ಅದೂ ಪಂದ್ಯ ನಡೆದರೆ.